ನಿಂತೇ ಇಳಿದವನು

ಬೆಳಗಿನಿಂದ ಪರದೆ ಎಳೆದೇ ಇತ್ತು, ಸಾವಾದ ಮನೆಯ ನೆರೆಯವರು ಹಾಗೆಯೇ ಇಟ್ಟುಕೊಳ್ಳಬೇಕು, ಹಾಗಾಗಿ ಹದಿನೇಳನೆಯ ಮಹಡಿಯ ಆ ಅರೆಗತ್ತಲಲ್ಲಿ ಅಲೆಕ್ ಲೋರಿಮರ್ ತನ್ನ ಕರಿಕೋಟನ್ನು ತಡಕಾಡಿಯೇ ಹುಡುಕಬೇಕಾಯಿತು. ಒಂದು ತೋಳು ತೂರಿಸುವುದರೊಳಗೆ ಬಲಜೇಬು ತೊಡೆಗೆ ಬಡಿಯಿತು. ಇದೆ. ಇಲ್ಲದೆ ಎಲ್ಲಿಗೆ ಹೋದೀತು? ಬೆರಳುದ್ದದ ಕಬ್ಬಿಣದ ಕೀಲಿಕೈ, ಹಲ್ಲಿಲ್ಲ, ತುದಿಯಲ್ಲಿ ಮೂರು ಮೂಲೆಯ ತೂತು ಮಾತ್ರ. ಲಿಫ್ಟಿನ ಹಿಂಗೋಡೆಯ ತಗಡಿನ ಬಾಗಿಲು ತೆಗೆಯುವುದಕ್ಕಲ್ಲದೆ ಬೇರೆ ಯಾವ ಕೆಲಸಕ್ಕೂ ಬಾರದ್ದು. ಆ ಬಾಗಿಲು ತೆಗೆದರೆ ಹಿಂದೆ ಒಂದು ಗೂಡು, ಚೌಕದ ಪುಟ್ಟ ಲಿಫ್ಟು ಆಗ ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಉದ್ದವಾಗುತ್ತದೆ. ಸ್ಟ್ರೆಚರಿಗೆ, ಶವಪೆಟ್ಟಿಗೆಗೆ ಅಂತಲೇ ಮಾಡಿಟ್ಟದ್ದು. ಇಡೀ ಕಟ್ಟಡಕ್ಕೆ ಒಂದೇ ಕೀಲಿಕೈ. ಅದು ಕಳೆದುಹೋಗಿ ಆಗಲೇ ಒಂದು ಚಳಿಗಾಲ ಮುಗಿಯುತ್ತ ಬಂದಿತ್ತು. ಕಳೆದವನು ಕುಡುಕ ಕೇರ್‌ಟೇಕರ್ ಹೆಕ್ಟರ್ ಎಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಹಾಗೆ ಗೊತ್ತಾಗುವಂತೆ ಮಾಡಿದವನು ಬಾಡಿಗೆದಾರರ ಸಂಘದ ಅಧ್ಯಕ್ಷ ಅಲೆಕ್ ಲೋರಿಮರ್. ಇವತ್ತು ಪಕ್ಕದ ಮನೆಯ ರಾಬ್ ಗಿಲ್ಮೊರ್‌ನನ್ನು ಕೆಳಗೆ ಇಳಿಸಬೇಕು.

"ಕೋಟು ಬ್ರಶ್ ಹೊಡೆದಿಟ್ಟಿದೀನಿ, ನೋಡಿಕೊಂಡ್ಯಾ?" ಅಡುಗೆಮನೆಯಿಂದ ಹೆಂಡತಿ ಐನಾ ಕೂಗಿದಳು. ರಾಬ್‌ನ ಹೆಂಡತಿ ನೆಟ್ಟಾಳ ಮನೆಗೆ ಬರುವವರಿಗೆ ಅಂತ ಬ್ರೆಡ್ಡಿನ ಅಂಚು ಕತ್ತರಿಸುತ್ತ ನಿಂತಿದ್ದಳು, ಚಾಕು ಹಲಗೆಗೆ ಬಡಿಯುವ ಸದ್ದು ಒಂದೇ ಸಮ ಬರುತ್ತಿತ್ತು. ಬ್ರಶ್ ಹೊಡೆದವಳಿಗೆ ಜೇಬು ಭಾರ ಇದ್ದದ್ದು ಗೊತ್ತಾಗಿರುವುದಿಲ್ಲವೆ? ಹೆಗಲ ಮೇಲಷ್ಟೇ ಹೊಡೆದಿರಬಹುದು. ಐನಾ ಯಾವತ್ತು ಯಾವ ಕೆಲಸವನ್ನು ಹೆಗಲ ಮೇಲಷ್ಟೇ ಮಾಡಿದ್ದಾಳೆ?

"ಏನು, ಮಾತೇ ಇಲ್ಲ?"

"ನೋಡ್ಕೊಂಡೆ ಕಣೇ. ಚೆನ್ನಾಗಿದೆ."

"ಚೆನ್ನಾಗಿರೋಕೆ ಅದೇನು ಮದುವೆ ಕೋಟಾ?"

ಅವಳು ಏಳುವ ಮೊದಲೇ ಅವನೊಮ್ಮೆ ಹೊರಗೆ ಹೋಗಿ ಬಂದಿದ್ದ. ಕೀಲಿಕೈಯನ್ನು ಲಿಫ್ಟಿನೊಳಗೆ ಮೂಲೆಯಲ್ಲಿ, ಕಸದ ಜೊತೆ, ಯಾರೋ ತುಳಿದು ದಾಟಿಹೋದ ವಸ್ತುವಿನ ಹಾಗೆ ಬಿಟ್ಟುಬರುವುದು. ಹೊಸ ಕೇರ್‌ಟೇಕರ್ ಗುಡಿಸುವಾಗ ಅವನಿಗೇ ಸಿಗಲಿ, ಅಯ್ಯೋ ಇಲ್ಲೇ ಇತ್ತಲ್ಲಾ ಅನ್ನಲಿ, ಎಲ್ಲರೂ ನಗಲಿ. ರಾತ್ರಿಯೆಲ್ಲ ಹೆಣೆದ ಉಪಾಯ. ಆದರೆ ಲಿಫ್ಟಿನ ಮುಂದೆ ರಾಬ್‌ನ ತಮ್ಮ ಸ್ಯಾಂಡಿ ಸಿಗರೇಟು ಸೇದುತ್ತ ನಿಂತಿದ್ದ, ಹಿಂದಿನ ದಿನ ದೂರದ ಇಂಗ್ಲೆಂಡಿನ ಕಾರ್ಬಿಯಿಂದ ರೈಲಿಗೆ ಬಂದವನು, ಅಣ್ಣನದೇ ಕಿವಿ, ಅಣ್ಣನದೇ ಕತ್ತು. "ನಿದ್ದೆ ಬರಲಿಲ್ಲವಾ ಅಲೆಕ್?" ಅಂದ. "ನಂಗೂ ಇಲ್ಲ. ಈ ಕಟ್ಟಡ ಅಲ್ಲಾಡ್ತದಲ್ಲಯ್ಯ! ಕಕ್ಕಸಿನಲ್ಲಿ ಕೂತ್ರೆ ಕೆಳಗೆ ನೀರು ತುಯ್ದಾಡ್ತಿದೆ, ಹಡಗಿನಲ್ಲಿ ಕೂತ ಹಾಗಾಯ್ತು." ಅಲೆಕ್ ನಕ್ಕ. ಗಾಳಿ ಇರುವ ದಿನ ಹಾಗೇ, ಅಭ್ಯಾಸವಾಗುತ್ತದೆ, ಅಂದ. ಹಾಲಿನ ಬಾಟಲಿ ನೋಡಲು ಬಂದವನ ಹಾಗೆ ಬಾಗಿಲ ಬುಡ ನೋಡಿ, ಬಾಟಲಿ ಎತ್ತಿಕೊಂಡು ಒಳಗೆ ಬಂದ. ಕೀಲಿಕೈ ಮತ್ತೆ ಕರಿಕೋಟಿಗೆ. ಬೇರೆ ಎಲ್ಲಾದರೂ ಇಡಬಹುದಿತ್ತು. ಇಡಲಿಲ್ಲ. ಹೊಳೆಗೆ ಎಸೆಯಬಹುದಿತ್ತು, ಕ್ಲೈಡ್ ನದಿ ದಿನಾ ಕಾಣುತ್ತದೆ ಈ ಕಿಟಕಿಯಿಂದ, ಎಸೆಯಲಿಲ್ಲ. ಎಸೆಯದೆ ಇಟ್ಟುಕೊಂಡದ್ದರಿಂದ ತಾನು ಪೂರ್ತಿ ಕೆಟ್ಟವನಲ್ಲ ಎಂದು ಅವನಿಗೆ ಆಗಾಗ ಅನ್ನಿಸುತ್ತಿತ್ತು, ಅಷ್ಟು ಸಮಾಧಾನಕ್ಕೆ ಒಂದು ಕಬ್ಬಿಣದ ತುಂಡು ಸಾಕಾಗಿತ್ತು.

ಎಲ್ಲ ಆದದ್ದು ಆ ಸೋಫಾದಿಂದ. ಮೂರು ಜನ ಕೂರುವ, ಬೂದುಹಸಿರು ಮಖಮಲ್ಲಿನ, ಐನಾ ಅಂಗಡಿಯ ಗಾಜಿನಾಚೆ ಎರಡು ವರ್ಷ ನೋಡಿ ನೋಡಿ ಕೊನೆಗೂ ತೆಗೆದುಕೊಂಡ ಸೋಫಾ. ಲಿಫ್ಟಿನಲ್ಲಿ ಹಿಡಿಸಲಿಲ್ಲ, ನಿಲ್ಲಿಸಿದರೆ ಚಾವಣಿಗೆ ತಾಗಿತು, ಮೆಟ್ಟಿಲಲ್ಲಿ ತಿರುಗಲಿಲ್ಲ. ಅಲೆಕ್ ಆ ಮಧ್ಯಾಹ್ನ ಹಡಗು ಕಟ್ಟುವ ಯಾರ್ಡಿನ ಹಳೆಯ ಗೆಳೆಯನೊಬ್ಬನನ್ನು ಮಣ್ಣು ಮಾಡಿ, ಅದೇ ಕರಿಕೋಟಿನಲ್ಲಿ ನೇರವಾಗಿ ಬಂದಿದ್ದ. ಕೆಳಗೆ ಮಳೆಯ ಹನಿಯಲ್ಲಿ ಐನಾ ಸೋಫಾಗೆ ತನ್ನ ಮೇಲಂಗಿಯನ್ನೇ ಹೊದಿಸಿ ಕಾಯುತ್ತ ನಿಂತಿದ್ದಳು. ಹೆಕ್ಟರ್ ದ್ವೀಪದ ಕಡೆಯವನು, ಒಂದೊಂದು ಮಾತನ್ನೂ ಯೋಚಿಸಿ ಆಡುವವನು. ಸಾಮಾನಿಗೆಲ್ಲ ಆ ಗೂಡು ತೆಗೆಯಬಾರದು ಅಂತ ರೂಲಿದೆ ಮಿಸ್ಟರ್ ಲೋರಿಮರ್, ಅಂದ. ಐನಾಳ ಕಡೆ ನೋಡಿದ. ಜೇಬಿನಿಂದ ತೆಗೆದು ಕೊಟ್ಟ. "ಕೆಲಸ ಆದ್ಮೇಲೆ ನನ್ನ ಕೈಗೇ ಕೊಡಿ. ಯಾರಿಗೂ ಹೇಳೋಕೆ ಹೋಗಬೇಡಿ." ಸೋಫಾ ಮೇಲೆ ಬಂತು, ಅದರ ಸಂತೋಷದಲ್ಲಿ ಕೋಟು ಬೀರುವಿನೊಳಗೆ ಹೋಯಿತು, ಕೀಲಿಕೈ ಕೋಟಿನೊಳಗೆ. ಅವತ್ತು ನಿಜಕ್ಕೂ ಮರೆತಿದ್ದ. ಬೇಸಿಗೆ ಕಳೆದ ಮೇಲೆ ಹೆಕ್ಟರ್ ಮೆತ್ತಗೆ ಕೇಳಿದಾಗ, ಕೊಟ್ಟೆನಲ್ಲಯ್ಯ ಅವತ್ತೇ, ಅಂದದ್ದೂ ನಿಜವೆಂದು ನಂಬಿಯೇ ಅಂದದ್ದು. ಕೊಟ್ಟ ಚಿತ್ರವೇ ಕಣ್ಣಿಗೆ ಕಟ್ಟಿತ್ತು, ಹೆಕ್ಟರ್‌ನ ಅಂಗೈ ಸಮೇತ. ಆಮೇಲೆ ಒಂದು ದಿನ ಆರನೆಯ ಮಹಡಿಯ ಹೆಂಗಸನ್ನು ಆಂಬುಲೆನ್ಸಿನವರು ಕುರ್ಚಿಯಲ್ಲಿ ಕೂರಿಸಿ ಇಳಿಸಬೇಕಾಗಿ ಬಂದು, ಕೀಲಿಕೈ ಎಲ್ಲಿ ಎಂಬ ಮಾತು ಸಂಘದ ಮೀಟಿಂಗಿಗೆ ಬಂತು.

ಆ ಮೀಟಿಂಗು. ಕೆಳಗಿನ ಬಟ್ಟೆ ಒಣಗಿಸುವ ಕೋಣೆ, ಒದ್ದೆ ಉಣ್ಣೆಯ ವಾಸನೆ, ಮಡಚುವ ಕುರ್ಚಿಗಳು. ಸಾಮಾನಿಗೆ ತೆಗೆಸಿದ್ದು ಅಂತ ಒಪ್ಪಿಕೊಂಡರೆ ರೂಲು ಮುರಿದ ಅಧ್ಯಕ್ಷನಾಗುತ್ತಾನೆ. ಅದಕ್ಕೆ ಲಿಫ್ಟಿನ ಗೂಡು ಸ್ವಚ್ಛವಿದೆಯೇ ಅಂತ ತಪಾಸಣೆ ಮಾಡಲು ತೆಗೆದುಕೊಂಡಿದ್ದೆ, ಅವತ್ತೇ ವಾಪಸು ಕೊಟ್ಟೆ, ಅಂದ. ಅದು ಮಾತ್ರ ಬೇಕೆಂದೇ ಹೇಳಿದ ಸುಳ್ಳು. ಹೆಕ್ಟರ್ ಎದ್ದು ನಿಂತ. ಸೋಫಾದ ಮಾತು ಈಗ ಬರುತ್ತದೆ ಅಂತ ಅಲೆಕ್ ಉಸಿರು ಹಿಡಿದು ಕೂತ. "ಮಿಸ್ಟರ್ ಲೋರಿಮರ್ ಕೊಟ್ಟೆ ಅಂದ್ರೆ ಕೊಟ್ಟೇ ಇರ್ತಾರೆ," ಅಂದ ಹೆಕ್ಟರ್. "ಸಂಜೆ ಹೊತ್ತು ನನ್ನ ತಲೆ ಒಂದೊಂದು ಸಲ ಸರಿ ಇರಲ್ಲ, ಎಲ್ಲರಿಗೂ ಗೊತ್ತಿರೋದೇ. ನನ್ನದೇ ತಪ್ಪು. ಕ್ಷಮಿಸಬೇಕು." ಟೋಪಿಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಅಲೆಕ್‌ನ ಕಡೆಗೇ ತಿರುಗಿ ಹೇಳಿದ. ಕಟ್ಟಡ ನಡೆಸುವ ಕೌನ್ಸಿಲ್ಲಿಗೆ ದೂರು ಹೋಯಿತು, ಕೆಳಗೆ ಅಧ್ಯಕ್ಷರ ಸಹಿ. ಹೆಕ್ಟರ್‌ನನ್ನು ಗ್ಲ್ಯಾಸ್ಗೋದ ಆ ತುದಿಯ ಯಾವುದೋ ಕಟ್ಟಡಕ್ಕೆ ಹಾಕಿದರು, ಅಲ್ಲಿಂದಲೂ ಬಿಡಿಸಿದರು ಅಂತ ಸುದ್ದಿ. ನವೆಂಬರಿನಲ್ಲಿ ಇನ್ಯಾರದೋ ಮಣ್ಣಿಗೆ ಹೋಗಿ, ಗುಂಡಿಯ ಅಂಚಿನಲ್ಲಿ ನಿಂತು ಚಳಿಗೆ ಜೇಬಿನೊಳಗೆ ಕೈ ಇಟ್ಟಾಗ ಬೆರಳಿಗೆ ಕಬ್ಬಿಣ ತಾಗಿತು. ಪಾದ್ರಿ ಮಣ್ಣಿಗೆ ಮಣ್ಣು ಅನ್ನುತ್ತಿದ್ದ. ಅಲೆಕ್ ಕೈಯನ್ನು ಹೊರಗೇ ತೆಗೆಯಲಿಲ್ಲ.

"ಹೆಕ್ಟರ್ ಬಾಟಲಿ ಬೇಕಾದ್ರೆ ಕಳ್ಕೊಂಡಾನು, ಕೀಲಿಕೈ ಕಳ್ಕೊಳ್ಳೋನಲ್ಲಯ್ಯ." ಹೀಗಂದವನು ರಾಬ್ ಒಬ್ಬನೇ. ಗಾಲಿಕುರ್ಚಿಯಲ್ಲಿ ಕಿಟಕಿಯ ಹತ್ತಿರ ಕೂತು, ಆಚೆ ನೋಡುತ್ತ ಅಂದದ್ದು. ಮುಖ ತಿರುಗಿಸಿರಲಿಲ್ಲ. ಮತ್ತೆಂದೂ ಆ ಮಾತೆತ್ತಲಿಲ್ಲ.

ನೆಟ್ಟಾಳ ಮನೆಯ ಒಳಕೋಣೆಯಲ್ಲಿ ಗಂಡಸರು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು, ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ. ನಡುವೆ ಎರಡು ಸ್ಟೂಲಿನ ಮೇಲೆ ರಾಬ್. ಖಾಲಿ ಪೆಟ್ಟಿಗೆ ನಿನ್ನೆ ಸಂಜೆ ಲಿಫ್ಟಿನಲ್ಲಿ ನಿಂತುಕೊಂಡೇ ಬಂದಿತ್ತು, ಖಾಲಿಯದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಪಾದ್ರಿ ಓದುತ್ತಿದ್ದ, ಅಲೆಕ್‌ನ ಕಿವಿಗೆ ಮಾತ್ರ ಬೇರೆ ಧ್ವನಿ. ಈ ಕಟ್ಟಡದ ಮೊದಲ ದಿನ, ಗೋರ್ಬಲ್ಸ್‌ನ ಹಳೆಯ ಓಣಿಯಿಂದ ಎರಡೂ ಸಂಸಾರ ಒಂದೇ ಲಾರಿಯಲ್ಲಿ ಬಂದಿಳಿದಾಗ, ಕೌನ್ಸಿಲ್ಲಿನ ಮನುಷ್ಯ ಬಿಸಿನೀರಿನ ನಲ್ಲಿ ತೋರಿಸಿ, ಕಸದ ಕೊಳವೆ ತೋರಿಸಿ, ಆಮೇಲೆ ಹೆಮ್ಮೆಯಿಂದ ಲಿಫ್ಟಿನ ಗೂಡನ್ನು ತೆಗೆದು ತೋರಿಸಿದ್ದ. ರಾಬ್‌ಗೆ ಆಗ ಎರಡೂ ಕಾಲು ಗಟ್ಟಿಯಿದ್ದವು. ಟೋಪಿ ತೆಗೆದು, ಹೋಗಿ ಆ ಗೂಡಿನೊಳಕ್ಕೆ ಕಾಲು ಚಾಚಿ ಮಲಗಿಯೇ ಬಿಟ್ಟ. "ನೋಡೇ ನೆಟ್ಟಾ, ಫಸ್ಟ್ ಕ್ಲಾಸ್ ಕ್ಯಾಬಿನ್! ನಮ್ಮಪ್ಪನ್ನ ಓಣಿ ಮೆಟ್ಟಿಲಲ್ಲಿ ಮೂಟೆ ಥರ ತಿರುಗಿಸಿ ತಿರುಗಿಸಿ ಇಳಿಸಿದ್ರು. ನಾನು ಮಾತ್ರ ದೊರೆ ಥರ ಮಲಗ್ಕೊಂಡೇ ಹೋಗ್ತೀನಿ." ಥೂ, ಬಾಯಿ ಮುಚ್ಚು, ಅಂತ ನೆಟ್ಟಾ ಚೀಲದಿಂದ ಅವನ ಕಾಲಿಗೆ ಬಡಿದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ತಾನೇ ಇರಬೇಕು. ಆಮೆನ್, ಅಂದರು ಎಲ್ಲರೂ, ಅವನೂ ತಡವಾಗಿ ಅಂದ.

ಹೂಳುವ ಏರ್ಪಾಡು ನೋಡಿಕೊಳ್ಳುವ ಪರ್ಡಿ, ಕಪ್ಪು ಟೋಪಿ ಕಂಕುಳಲ್ಲಿಟ್ಟುಕೊಂಡು, ಲಿಫ್ಟಿನ ಮುಂದೆ ಹೊಸ ಕೇರ್‌ಟೇಕರ್‌ನ ಜೊತೆ ಪಿಸುಗುಟ್ಟುತ್ತಿದ್ದ. ಪಿಸುಮಾತು ಜೋರಾಯಿತು.

"ಕೀ ಇರ್ತದೆ ಅಂತ ನಿಮ್ಮ ಆಫೀಸಿನೋರೇ ಅಂದಿದ್ರಲ್ರೀ."

"ಆಫೀಸಿನೋರು ಅಂತಾರೆ ಸಾರ್, ಅವರ ಗಂಟೇನು ಹೋಗ್ತದೆ? ನಾನು ಬಂದು ಐದು ತಿಂಗಳಾಯ್ತು, ಆ ಕೀ ಮುಖ ನೋಡಿಲ್ಲ. ನನಗಿಂತ ಹಿಂದೆ ಇದ್ದನಲ್ಲ ಕುಡುಕ, ಅವನು ಕಳ್ದುಬಿಟ್ಟ."

"ಇನ್ನೊಂದು ಲಿಫ್ಟು?"

"ಅದು ಸತ್ತು ಎಂಟು ದಿನ ಆಯ್ತು." ಅಂದವನು ನಾಲಗೆ ಕಚ್ಚಿಕೊಂಡ.

ಪರ್ಡಿ ಮೆಟ್ಟಿಲ ಬಾಗಿಲು ತೆಗೆದು ನೋಡಿ ಬಂದ. ಆ ತಿರುವಿನಲ್ಲಿ ಪೆಟ್ಟಿಗೆ ತಿರುಗುವುದಿಲ್ಲ ಎಂದು ಅಲೆಕ್‌ಗೆ ಮೊದಲೇ ಗೊತ್ತಿತ್ತು, ಸೋಫಾವೇ ತಿರುಗಿರಲಿಲ್ಲ. ಆಗ ನೆಟ್ಟಾ ಹೊರಗೆ ಬಂದಳು. ಇಲ್ಲಿಯ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಗಂಡಸರು ಹೋಗುತ್ತಾರೆ, ಹೆಂಗಸರು ಮನೆಯಲ್ಲಿ ಟೀಗೆ ನೀರಿಟ್ಟು ಕಾಯುತ್ತಾರೆ. ಹೀಗಾಗಿ ಈ ಲಿಫ್ಟಿನ ಬಾಗಿಲೇ ಅವಳ ಪಾಲಿನ ಕೊನೆ. ಅದು ಮುಚ್ಚಿದರೆ ಮುಗಿಯಿತು.

"ಏನು ತೊಂದರೆ?" ಅಂದಳು.

ಪರ್ಡಿ ಟೋಪಿಯನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಾಯಿಸಿದ. "ಮೇಡಂ, ಹಿಂದಿನ ಬಾಗಿಲು ತೆಗೆಯೋಕಾಗ್ತಿಲ್ಲ. ಬೇರೆ ದಾರಿ ಇಲ್ಲ. ಅವರನ್ನ... ಸ್ವಲ್ಪ ನಿಲ್ಲಿಸಬೇಕಾಗ್ತದೆ. ಜೋಪಾನವಾಗಿ ಹಿಡ್ಕೋತೀವಿ. ಆಗಾಗ ಮಾಡೋದೇ ಇದು."

ಅಲೆಕ್‌ನ ಕೈ ಜೇಬಿನೊಳಗಿತ್ತು. ಕೀಲಿಕೈ ಬೆವರಿನಿಂದ ಬೆಚ್ಚಗಾಗಿತ್ತು. ಈಗ, ಅಂದುಕೊಂಡ. ಇಗೋ, ಅಂತ ಒಂದೇ ಮಾತು. ತೆಗೆದು ಅಂಗೈ ಮೇಲಿಟ್ಟು ಚಾಚಿದರೆ ಸಾಕು, ಮಾತೂ ಬೇಡ. ಆಮೇಲೆ ಎಲ್ಲಿತ್ತು ಅನ್ನುತ್ತಾರೆ, ಯಾವಾಗ ಸಿಕ್ಕಿತು ಅನ್ನುತ್ತಾರೆ, ಸ್ಯಾಂಡಿ ಅಣ್ಣನ ಕಿವಿಗಳನ್ನಿಟ್ಟುಕೊಂಡು ನೋಡುತ್ತಾನೆ, ಹೆಕ್ಟರ್ ಟೋಪಿಯನ್ನು ಹೊಟ್ಟೆಗೆ ಒತ್ತಿ ಹಿಡಿದು ಈ ಲ್ಯಾಂಡಿಂಗಿಗೇ ಬಂದು ನಿಲ್ಲುತ್ತಾನೆ. ಇವತ್ತಿಗೆ ರಾಬ್‌ನ ಸಾವು ಹಿಂದೆ ಬಿದ್ದು ಲೋರಿಮರ್‌ನ ಕೀಲಿಕೈ ಮುಂದೆ ಬರುತ್ತದೆ. ಮಣ್ಣಿನ ದಿನ ಅಂಥ ಗಲಾಟೆ ಮಾಡುವುದು ಸತ್ತವನಿಗೆ ಅವಮಾನವಲ್ಲವೆ? ಎಷ್ಟು ಬೇಗ ಹುಟ್ಟಿತು ಆ ನ್ಯಾಯ! ತಲೆಯೆತ್ತಿದ. ಬ್ರೆಡ್ಡಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಐನಾ ಅವನನ್ನೇ ನೋಡುತ್ತಿದ್ದಳು. ಮುಖವನ್ನಲ್ಲ, ಜೇಬನ್ನು.

"ನಾನು..." ಅಂದ ಅಲೆಕ್. ಎಲ್ಲರೂ ತಿರುಗಿದರು. "ನಾನು ಕೌನ್ಸಿಲ್ಲಿಗೊಂದು ಫೋನ್ ಮಾಡಿ ನೋಡ್ಲಾ? ಅಧ್ಯಕ್ಷ ಅಂತ ಹೇಳಿದ್ರೆ..."

"ಆಗಲೇ ಮಾಡ್ದೆ," ಅಂದ ಕೇರ್‌ಟೇಕರ್. "ಸೋಮವಾರ ಬರ್ತಾರಂತೆ."

"ಸೋಮವಾರದ ತನಕ ತಡ್ಕೋ ಅಂತ ಅವನಿಗೆ ಹೇಳೋಣ ಬಿಡು," ಅಂದ ಸ್ಯಾಂಡಿ. ಯಾರೋ ಮೂಗಿನಲ್ಲಿ ನಕ್ಕು ಕೆಮ್ಮಿಗೆ ತಿರುಗಿಸಿದರು.

ನೆಟ್ಟಾ ನಗಲಿಲ್ಲ, ಅಳಲೂ ಇಲ್ಲ. "ಎರಡು ವರ್ಷ ಆಯ್ತು ಅವನು ನಿಂತು," ಅಂದಳು. "ಬಾಯಿಗೆ ಚಮಚ ಇಡೋವಾಗೆಲ್ಲ ಅಂತಿದ್ದ, ಒಂದ್ಸಲ ನಿಲ್ಲಿಸೇ, ಒಂದೇ ಒಂದ್ಸಲ, ನಿಂತು ಆ ಯಾರ್ಡಿನ ಕ್ರೇನು ನೋಡ್ತೀನಿ ಅಂತ. ನನ್ನ ಕೈಲಿ ಆಗ್ಲಿಲ್ಲ. ಈಗ ನಿಲ್ಲಿಸ್ತೀರಾ? ನಿಲ್ಲಿಸಿ." ಆಮೇಲೆ ಅಲೆಕ್‌ನ ತೋಳು ಹಿಡಿದಳು, ಬಲತೋಳು, ಜೇಬಿನ ಕಡೆಯದೇ. "ನೀನು ಜೊತೆಗೆ ಹೋಗು ಅಲೆಕ್. ಅಪರಿಚಿತರ ಕೈಲಿ ಬೇಡ. ನೀನಿದ್ರೆ ಅವನಿಗೆ ಹೆದರಿಕೆ ಆಗಲ್ಲ."

ಪೆಟ್ಟಿಗೆಯನ್ನು ಕಾಲಿನ ಕಡೆಯಿಂದ ಲಿಫ್ಟಿನೊಳಕ್ಕೆ ನೂಕಿ, ತಲೆಯ ಕಡೆಯನ್ನು ಮೆಲ್ಲಗೆ ಮೇಲೆತ್ತಿದರು. ಒಳಗೆ ಏನೋ ಸರಿಯಿತು. ದೊಡ್ಡ ಸದ್ದೇನಲ್ಲ, ಆಲೂಗಡ್ಡೆಯ ಚೀಲವನ್ನು ನೆಟ್ಟಗೆ ಇಟ್ಟಾಗ ತಳದಲ್ಲಿ ಕೂರುತ್ತದಲ್ಲ, ಅಂಥದ್ದು. ಲ್ಯಾಂಡಿಂಗಿನಲ್ಲಿ ಎಲ್ಲರಿಗೂ ಕೇಳಿಸಿತು. ನೆಟ್ಟಾ ಒಂದು ಹೆಜ್ಜೆ ಮುಂದಿಟ್ಟಳು, ಐನಾ ಅವಳ ಸೊಂಟ ಬಳಸಿ ಹಿಡಿದಳು, ತಟ್ಟೆ ಎಲ್ಲಿ ಹೋಯಿತೋ. ಪರ್ಡಿ ಒಂದು ಕಡೆ, ಅವನ ಆಳು ಇನ್ನೊಂದು ಕಡೆ, ಹಿಂಗೋಡೆಗೆ ಬೆನ್ನು ಕೊಟ್ಟು ಅಲೆಕ್, ಪೆಟ್ಟಿಗೆಯನ್ನು ತಬ್ಬಿಕೊಂಡ ಹಾಗೆ. ಬಾಗಿಲು ಮುಚ್ಚುವಾಗ ನೆಟ್ಟಾಳ ಮುಖ ಕಿರಿದಾಗುತ್ತ ಕಿರಿದಾಗುತ್ತ ಒಂದು ಗೆರೆಯಾಯಿತು. ಆ ಗೆರೆಗೂ ಬಾಯಿ ತೆರೆದಿತ್ತು.

ಲಿಫ್ಟು ನಿಧಾನ. ಹಿತ್ತಾಳೆಯ ಹೆಸರುಫಲಕ ಅವನ ಗಲ್ಲಕ್ಕೆ ತಾಗುತ್ತಿತ್ತು, ಹಲಗೆಯ ವಾರ್ನಿಷ್ ವಾಸನೆ, ಪೆಟ್ಟಿಗೆಯ ಭಾರ ಎದೆಯ ಮೇಲೆ. ಆಚೆ, ಒಂದಂಗುಲ ಮರದಾಚೆ, ಅಷ್ಟೇ ಎತ್ತರದಲ್ಲಿ ರಾಬ್‌ನ ಮುಖ. ಬೆನ್ನುಹುರಿಯ ನಡುವೆ ಏನೋ ಒತ್ತುತ್ತಿತ್ತು, ಏನೆಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹಿಂಗೋಡೆಯ ಬೀಗದ ಮೊಳೆ, ಮೂರು ಮೂಲೆಯದು. ಜೇಬಿನಲ್ಲಿ ಕೀಲಿಕೈಯ ತೂತು, ಬೆನ್ನಲ್ಲಿ ಮೊಳೆ, ನಡುವೆ ತಾನು. ಹದಿಮೂರರಲ್ಲಿ ಲಿಫ್ಟು ನಿಂತು ಬಾಗಿಲು ತೆರೆಯಿತು. ಒಗೆಯುವ ಬಟ್ಟೆಯ ಚೀಲ ಹಿಡಿದ ಹೆಂಗಸೊಬ್ಬಳು ಕಣ್ಣು ಬಿಟ್ಟು, ಚೀಲ ಕೆಳಗಿಟ್ಟು, ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. "ನೀವು ಹೋಗಿ, ಹೋಗಿ," ಅಂದಳು, ತಾನೇ ದಾರಿ ಬಿಟ್ಟುಕೊಟ್ಟ ಹಾಗೆ. ಏಳರಲ್ಲಿ ಮತ್ತೆ ನಿಂತಿತು, ನಾಯಿ ಹಿಡಿದ ಮುದುಕ. "ಜಾಗ ಇದ್ಯಾ?" ಅಂದವನಿಗೆ ಆಮೇಲೆ ಕಂಡಿತು. ನಾಯಿ ಬೊಗಳಲಿಲ್ಲ, ಮೂಸಿತು. "ಯಾರಪ್ಪಾ?" "ಗಿಲ್ಮೊರ್." "ಅಯ್ಯೋ, ರಾಬಾ? ನಿಲ್ಲಿಸಿಬಿಟ್ಟಿದೀರಲ್ಲೋ ಅವನನ್ನ!" ಬಾಗಿಲು ಮುಚ್ಚಿತು. ಪರ್ಡಿ ಕಣ್ಣನ್ನು ಚಾವಣಿಗೆ ನೆಟ್ಟಿದ್ದ. ಮತ್ತೆ ಒಳಗೆ ಸರಿದ ಸದ್ದು, ಈ ಸಲ ಮೊಣಕಾಲು ಹಲಗೆಗೆ ತಾಗಿದ ಹಾಗೆ, ಒಳಗಿನಿಂದ ಯಾರೋ ಒಮ್ಮೆ ತಟ್ಟಿದ ಹಾಗೆ. ಹೆಕ್ಟರ್ ಬಾಟಲಿ ಬೇಕಾದ್ರೆ ಕಳ್ಕೊಂಡಾನು. ಗೊತ್ತಿತ್ತು ನಿನಗೆ, ಅಂದ ಅಲೆಕ್, ತುಟಿ ಅಲುಗಿಸದೆ. ಗೊತ್ತಿದ್ದೂ ಕೇಳಲಿಲ್ಲ. ಒಂದು ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದೆ, ಯಾಕೋ ಕೇಳಲಿಲ್ಲ ನೀನು? ಹೀಗೆ ಅಂದುಕೊಳ್ಳುತ್ತಿದ್ದಂತೆ ಅವನಿಗೆ ನಿಜಕ್ಕೂ ರಾಬ್‌ನ ಮೇಲೆ ಸಿಟ್ಟು ಬಂತು, ಸತ್ತವನ ಮೇಲೆ, ಹಳೆಯ ಬಾಕಿಯ ಹಾಗೆ. ಆ ಸಿಟ್ಟು ಎಷ್ಟು ಹಿತವಾಗಿತ್ತೆಂದರೆ ನೆಲಮಹಡಿ ಬಂದದ್ದೇ ತಿಳಿಯಲಿಲ್ಲ.

ಹೊರಗೆ ಗಾಳಿ. ಕಾರು ಹತ್ತುವ ಮುನ್ನ ಗಂಡಸರೆಲ್ಲ ಕತ್ತೆತ್ತಿ ಕಟ್ಟಡ ನೋಡಿದರು, ಅಲೆಕ್ ಕೂಡ. ಪರದೆ ಎಳೆದ ಕಿಟಕಿಗಳು ಹದಿನೇಳರಲ್ಲಿ ಎಲ್ಲವೂ, ಅದರ ಕೆಳಗೆ ಅಲ್ಲೊಂದು ಇಲ್ಲೊಂದು. ಉಳಿದವರಿಗೆ ಯಾರು ಸತ್ತರೆಂದೂ ಗೊತ್ತಿರಲಿಕ್ಕಿಲ್ಲ. ಹಳೆಯ ಓಣಿಯಲ್ಲಿ ಬೀದಿಗೆ ಬೀದಿಯೇ ಪರದೆ ಎಳೆದು ಕಣ್ಣು ಮುಚ್ಚುತ್ತಿತ್ತು. ಸ್ಮಶಾನದಲ್ಲಿ ಪರ್ಡಿ ಹೆಸರು ಕರೆದು ಹಗ್ಗಗಳನ್ನು ಹಂಚಿದ. ಪೆಟ್ಟಿಗೆಯನ್ನು ಗುಂಡಿಗೆ ಇಳಿಸುವ ಹಗ್ಗ ಹಿಡಿಯುವುದು ಆಪ್ತರಿಗೆ ಮಾತ್ರ ಸಿಗುವ ಮರ್ಯಾದೆ. ತಲೆಯ ಕಡೆಯ ಹಗ್ಗ ತಮ್ಮನದು. ಸ್ಯಾಂಡಿ ಅದನ್ನು ತೆಗೆದುಕೊಳ್ಳದೆ ಅಲೆಕ್‌ನ ಕೈಗೆ ಕೊಟ್ಟ. "ನೆಟ್ಟಾ ಹೇಳಿದ್ಲು. ಇದು ನಿಂದೇ ಅಂತೆ. ನಾನು ಕಾರ್ಬಿಯಿಂದ ಬರೋನು, ನೀನೇ ಅಲ್ವೇನಯ್ಯಾ ಅವನ ಪಕ್ಕದಲ್ಲಿ ಇದ್ದದ್ದು." ಹಗ್ಗದ ತುದಿಗೆ ಕುಚ್ಚು ಇತ್ತು, ರೇಷ್ಮೆಯ ಹಾಗೆ ನುಣುಪು. ಎರಡೂ ಕೈಯಲ್ಲಿ ಹಿಡಿಯಬೇಕು, ಹಾಗಾಗಿ ಜೇಬಿನಿಂದ ಕೈ ತೆಗೆದ. ರಾಬ್ ಮಲಗಿಕೊಂಡೇ ಕೆಳಗೆ ಹೋದ. ಆ ಕೊನೆಯ ಆರಡಿಯನ್ನಾದರೂ.

ವಾಪಸು ಬಂದಾಗ ಹೆಂಗಸರು ಟೀ, ಮಾಂಸದ ಕಡುಬು, ವಿಸ್ಕಿ ಎಲ್ಲ ಜೋಡಿಸಿಟ್ಟಿದ್ದರು. ಅಲೆಕ್‌ನ ಗ್ಲಾಸು ಖಾಲಿಯಾಗಲು ಯಾರೂ ಬಿಡಲಿಲ್ಲ. ಹದಿನೇಳು ಮಹಡಿ ಎದೆಗೆ ಆನಿಸಿಕೊಂಡು ಇಳಿಸಿದ, ಅಂತ ಸ್ಯಾಂಡಿ ಎಲ್ಲರಿಗೂ ಹೇಳಿದ. ಪ್ರತಿ ಸಲ ಹೇಳುವಾಗಲೂ ಪರ್ಡಿ ಮತ್ತು ಅವನ ಆಳು ಕಥೆಯಿಂದ ಸ್ವಲ್ಪ ಸ್ವಲ್ಪ ಮರೆಯಾಗುತ್ತ ಕೊನೆಗೆ ಲಿಫ್ಟಿನಲ್ಲಿ ಅಲೆಕ್ ಮತ್ತು ರಾಬ್ ಇಬ್ಬರೇ ಉಳಿದರು. ಆ ಕುಡುಕ ಹೆಕ್ಟರ್ ಸಿಕ್ಕಿದರೆ ಮೂಳೆ ಮುರಿಯಬೇಕು, ಅಂತ ಯಾರೋ ಅಂದರು. ಅಲೆಕ್, ಹೋಗಲಿ ಬಿಡಿ ಪಾಪ, ಅಂದ. "ನೋಡು, ಇದು ಮನುಷ್ಯತ್ವ ಅಂದ್ರೆ," ಅಂದರು. ಹೊರಡುವಾಗ ನೆಟ್ಟಾ ಅವನ ಕೆನ್ನೆ ಮುಟ್ಟಿದಳು. "ನೀನಿದ್ದೆ ಅಂತ ನಂಗೆ ಧೈರ್ಯ ಕಣೋ. ಅವನು ಒಳಗೆ ಜಾರಿದ್ದು ಕೇಳಿಸ್ತಲ್ಲ, ಆ ಸದ್ದೊಂದು ಕಿವಿಯಿಂದ ಹೋಗ್ತಿಲ್ಲ. ಹೋಗ್ತದೆ ಅಲ್ವಾ?" ಹೋಗ್ತದೆ, ಅಂದ ಅಲೆಕ್.

ತನ್ನ ಮನೆಯೊಳಗೆ ಬಂದಾಗ ಐನಾ ಪರದೆಗಳನ್ನು ಸರಿಸುತ್ತಿದ್ದಳು. ಸಂಜೆಯ ಬೆಳಕು ಬೂದುಹಸಿರು ಸೋಫಾದ ಮೇಲೆ ಉದ್ದಕ್ಕೆ ಬಿತ್ತು. ಅವಳು ಅದರ ತುದಿಯಲ್ಲಿ ಕೂತು ಶೂ ಬಿಚ್ಚಿದಳು, ಊದಿದ ಪಾದಗಳನ್ನು ಒಂದಕ್ಕೊಂದು ತಿಕ್ಕಿದಳು. ಅಲೆಕ್ ಕೋಟು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದ. ಜೇಬು ಕುರ್ಚಿಯ ಕಾಲಿಗೆ ಬಡಿದು ಠಣ್ ಅಂದಿತು. ಇಬ್ಬರೂ ಅತ್ತ ನೋಡಲಿಲ್ಲ. ಬೈಯುತ್ತಾಳೆ ಅಂತ ಕಾದ. ಬೈದರೆ ಒಳ್ಳೆಯದಿತ್ತು, ಅಳುವುದಕ್ಕೂ ತಯಾರಾಗಿದ್ದ, ಎಲ್ಲ ಹೇಳಿಬಿಡುವ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು.

"ಐನಾ..."

"ನಂಗೇನೂ ಹೇಳಬೇಡ," ಅಂದಳು ಐನಾ, ಸಿಟ್ಟಿಲ್ಲದೆ, ಗ್ಯಾಸು ಆರಿಸಿದೆಯಾ ಅಂತ ಕೇಳುವ ಹಾಗೆ. "ಅದನ್ನ ಎಲ್ಲಿ ಇಡ್ತೀಯಾ ಅಂತ ಮಾತ್ರ ಹೇಳು. ನೀನು ಮೊದಲು ಹೋದ್ರೆ ನಿನ್ನ ಇಳಿಸೋಕೆ ಬೇಕಾಗ್ತದೆ."